ಉಂಡವರಿಗೆ ಉಪಕಾರ

ತೆಲುಗು ಸೀಮೆಯ ಕೊಂಡಾಪುರದಲ್ಲಿ ಒಂದರ ಹಿಂದೊಂದು ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ. ನಮ್ಮ ಆಫೀಸಿಗೆ ಮಧ್ಯಾಹ್ನ ಜೋಳದ ರೊಟ್ಟಿ ತರುತ್ತಿದ್ದವರು ಬೀದರ್ ಕಡೆಯ ಒಬ್ಬ ಹೆಂಗಸು. ಬುಟ್ಟಿ ಇಳಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಊಟ ಮುಗಿಯುವವರೆಗೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಕೈ ತೊಳೆಯಲು ಎದ್ದ ಪ್ರತಿಯೊಬ್ಬರಿಗೂ, "ಉಂಡ್ರಲ್ಲ, ಭಾಳ ಉಪಕಾರ ಆತ್ರಿ," ಎನ್ನುತ್ತಿದ್ದರು. ಉಂಡವರು ನಾವು, ಉಪಕಾರ ಅವರಿಗೆ ಹೇಗೆ ಎಂದು ನಾವೆಲ್ಲ ನಗುತ್ತಿದ್ದೆವು.

ಒಂದು ದಿನ ಆಫೀಸಿನವರು ದೊಡ್ಡ ಕೇಟರಿಂಗ್‌ನವರನ್ನು ಗೊತ್ತುಮಾಡಿ, ಇವರಿಗೆ ನಾಳೆಯಿಂದ ಬರಬೇಡಿ ಎಂದರು. ಮರುದಿನ ಆ ಹೆಂಗಸು ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಮ್ಯಾನೇಜರ್ ಕೋಣೆಗೆ ಬಂದರು. ಕನ್ನಡ ಬಾರದ ಮ್ಯಾನೇಜರ್ ನನ್ನನ್ನು ಕರೆಸಿ, "ನನ್ನ ಕೈಯಲ್ಲಿ ಏನೂ ಇಲ್ಲ ಅಂತ ಹೇಳು," ಎಂದರು. ಹೇಳಿದೆ.

"ಆರ್ಡರ್ ಕೇಳಾಕ ಬಂದಿಲ್ರಿ. ಇಷ್ಟು ದಿನ ನೀವು ಉಂಡ್ರಿ, ನಮ್ಮ ಮನಿ ನಡೀತು. ಅದನ್ನ ಹೇಳದ ಹ್ಯಾಂಗ ಹೋಗ್ಲಿರಿ?" ಎಂದರು ಅವರು.

ಅದನ್ನು ತೆಲುಗಿನಲ್ಲಿ ಹೇಳಿದೆ. ಮ್ಯಾನೇಜರ್ ಎದ್ದು ನಿಂತು ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡರು. ಕುರ್ಚಿ ತೋರಿಸಿ ಕೂರಲು ಹೇಳಿದರು. ಅವರು ಕೂರಲಿಲ್ಲ. ಎದುರಿನ ಕಟ್ಟಡದಲ್ಲಿ ಹೊಸ ಆಫೀಸು ತೆರೆದಿತ್ತು. ಊಟದ ಹೊತ್ತು ಮೀರುವುದರೊಳಗೆ ಅವರು ಅಲ್ಲಿಗೆ ಹೋಗಿ, ರೊಟ್ಟಿ ಬೇಕೇ ಎಂದು ಕೇಳಬೇಕಿತ್ತು.