ತಾಟು ಬಡಿದಾಗ

ಮಗಳಿಗೆ ಎಂಟು ತಿಂಗಳಾದ ಬೇಸಿಗೆಯಲ್ಲಿ ಔರಾದಿನ ನಮ್ಮ ಓಣಿ ಅರ್ಧ ಖಾಲಿಯಾಗಿತ್ತು. ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು. ಕೈಕಾಲು ಗಟ್ಟಿ ಇದ್ದವರೆಲ್ಲ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋಗಿದ್ದರು, ನನ್ನ ಗಂಡನೂ. ಮನೆಯಲ್ಲಿ ಉಳಿದವರು ನಾನು, ಅತ್ತೆ, ಮಗಳು. ಓಣಿಯ ಗದ್ದಲ ಅಡಗಿದ ಮೇಲೆಯೇ ನನಗೆ ಅನುಮಾನ ಬಂದದ್ದು. ಪಕ್ಕದಲ್ಲೇ ಕೊಡ ಉರುಳಿದರೂ ಮಗಳು ಬೆಚ್ಚಲಿಲ್ಲ.

ಅತ್ತೆಗೂ ಅನುಮಾನವಿತ್ತು. ನನ್ನ ತೊಡೆಯ ಮೇಲಿದ್ದ ಮಗಳ ಬೆನ್ನ ಹಿಂದೆ ನಿಂತು ಸ್ಟೀಲಿನ ತಾಟನ್ನು ಸೌಟಿನಿಂದ ಬಡಿಯುತ್ತಿದ್ದರು. ತಾಟು ಬಡಿದ ಕೂಡಲೇ ಸೆರಗಿನ ಮರೆಯಲ್ಲಿ ಮಗಳ ಪಾದ ಹಿಚುಕುತ್ತಿದ್ದೆ. ಅವಳು ಥಟ್ಟನೆ ತಲೆ ಎತ್ತುತ್ತಿದ್ದಳು.

“ನೋಡ್ರಿ, ಕೇಳಸ್ತದ ಆಕಿಗಿ,” ಎನ್ನುತ್ತಿದ್ದೆ.

ಕಳ್ಳಿ ಅನ್ನಿ, ದಡ್ಡಿ ಅನ್ನಿ, ಒಪ್ಪಿಕೊಳ್ಳುತ್ತೇನೆ. ಮಗಳು ಒಂದು ಮಾತೂ ಆಡದೆ ಬೆಳೆದರೆ ಎಂಬ ಹೆದರಿಕೆಯಲ್ಲಿ ನನಗೆ ಬುದ್ಧಿಯೇ ಓಡಲಿಲ್ಲ. ಹೀಗೇ ದೀಪಾವಳಿಯವರೆಗೂ ತಳ್ಳಿದೆ.

ಲಸಿಕೆಗೆ ಬಂದ ಸಿಸ್ಟರ್ ಮಾತ್ರ ನನ್ನ ಆಟಕ್ಕೆ ಸೊಪ್ಪು ಹಾಕಲಿಲ್ಲ. ಬೀದರಿಗೆ ಒಯ್ದು ತೋರಿಸಲೇಬೇಕೆಂದಳು. ಕಿವಿ ಪರೀಕ್ಷೆಯ ಹೊತ್ತಿಗೆ ಮಗು ಗಾಢ ನಿದ್ದೆಯಲ್ಲಿರಬೇಕು, ಅದಕ್ಕೇ ದಾರಿಯಲ್ಲಿ ಮಲಗಗೊಡಬೇಡಿ ಎಂದೂ ಹೇಳಿದಳು. ಹಿಂದಿನ ದಿನ ಭಾಲ್ಕಿಯ ನನ್ನ ತವರಿನಲ್ಲಿ ಉಳಿದು ಬೆಳಗಿನ ಬಸ್ಸು ಹಿಡಿದೆವು. ಮಗಳ ಕಣ್ಣು ಮುಚ್ಚುತ್ತಿತ್ತು. “ಮಲಗಬ್ಯಾಡ ನನ್ನವ್ವ, ಏಳು,” ಎಂದು ಅತ್ತೆ ಕಿವಿಯ ಬಳಿಯೇ ಕೂಗಿದರು. ಕಂಡಕ್ಟರ್ ತಲೆಯ ಮೇಲೆಯೇ ಸೀಟಿ ಊದಿದ. ಏನೂ ಇಲ್ಲ. ಒದ್ದೆ ಬಟ್ಟೆ ಮುಟ್ಟಿಸಿದಾಗಷ್ಟೇ ಕಣ್ಣು ಬಿಟ್ಟಳು.

ಆಸ್ಪತ್ರೆಯಲ್ಲಿ ನಿದ್ದೆಹೋದ ಮಗಳ ಹಣೆಗೆ, ಕಿವಿಯ ಹಿಂದೆ ವೈರು ಅಂಟಿಸಿದರು. ತಪಾಸಣೆ ಮಾಡುವ ಹುಡುಗಿ ಪರದೆ ತೋರಿಸಿದಳು. “ಶಬ್ದ ಕಿವಿಯಿಂದ ನರ ಹಿಡದು ಮೆದುಳಿಗಿ ಹೋಗ್ತದ್ರಿ, ನಡುವ ಬಸ್ ಸ್ಟಾಪ್ ಇದ್ದಂಗ. ಒಂದೊಂದು ದಾಟಿದಾಗ ಇಲ್ಲಿ ಗೆರಿ ಏಳ್ತದ.” ಆಮೇಲೆ ನನ್ನತ್ತ ನೋಡಿದಳು. “ಕೈ ತೆಗೀರಿ ಅಕ್ಕಾ, ಮುಟ್ಟಬ್ಯಾಡ್ರಿ.”

ನನಗೇ ತಿಳಿಯದಂತೆ ನನ್ನ ಕೈ ಮಗಳ ಪಾದದ ಮೇಲಿತ್ತು.

ಕೈ ತೆಗೆದೆ. ಹುಡುಗಿ ಮಗಳ ಕಿವಿಗೆ ಬಿಡುತ್ತಿದ್ದ ಸದ್ದು ಜೋರು ಮಾಡಿದಳು, ಇನ್ನೂ ಜೋರು. ಗೆರೆ ಏಳಲಿಲ್ಲ. ಎಲ್ಲಕ್ಕಿಂತ ದೊಡ್ಡ ಸದ್ದಿಗೆ ಒಂದು ಸಣ್ಣ ಉಬ್ಬು ಕಂಡಿತು.

“ಸ್ವಲ್ಪ ಮುಟ್ತದ್ರಿ. ಕಿವಿಗಿ ಮಷಿನ್ ಹಾಕಿದ್ರ ಮಾತು ಕಲೀಬಹುದು. ಆದರ ಶಬ್ದಾನೇ ಮುಟ್ಟದಿದ್ರ ಮೆದುಳು ಮಾತು ಹ್ಯಾಂಗ ಕಲೀತದ್ರಿ? ಒಂದೊಂದು ತಿಂಗಳೂ ಲೆಕ್ಕಕ್ಕ ಬರ್ತದ್ರಿ. ಇಷ್ಟ್ ತಡ ಯಾಕ ಮಾಡಿದ್ರಿ?”

“ತಪ್ಪು ನಂದೇ ರೀ,” ಎಂದರು ಅತ್ತೆ.

ಹೊರಗೆ ಬೆಂಚಿನ ಮೇಲೆ ಕೂತು ಅತ್ತೆ ಮೆಲ್ಲಗೆ ಹೇಳಿದರು: “ನೀ ಕಾಲು ಹಿಚುಕೋದು ನಾ ಮೊದಲ ದಿನಾನೇ ನೋಡೀನಿ. ನಂಗೂ ಅಂಜಿಕಿ ಇತ್ತವ್ವ. ಅದಕ್ಕ ದಿನಾ ಬಡೀತಿದ್ದೆ, ಸುಳ್ಳಾದ್ರೂ ಆಕಿ ತಲಿ ಎತ್ತೋದು ನೋಡಾಕ.”

ಮಡಿಲಲ್ಲಿ ಮಗಳು ಇನ್ನೂ ಮಲಗಿದ್ದಳು. ಎಬ್ಬಿಸಬೇಕಿತ್ತು. ಪಾದದ ಹತ್ತಿರ ಹೋದ ನನ್ನ ಕೈ ಮುಟ್ಟಲು ಹೆದರಿ ಹಿಂದೆ ಬಂತು.