ಟ್ರೇಯ ಮೇಲಿನ ಮೂರು ಗೆರೆ

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ ನಾನು ಶಿರಾದ ಹೆದ್ದಾರಿ ಪಕ್ಕದ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಅಂದರೆ, ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ಪಡೆಯುವ ಗೌರವಾನ್ವಿತ ಹುದ್ದೆ.

ನಾವು ಮಾಡುತ್ತಿದ್ದುದು ಕುಲುಮೆಯೊಳಗೆ ಇಡುವ ಕಾರ್ಬನ್ ಕಾಂಪೋಸಿಟ್ ಟ್ರೇಗಳನ್ನು. ಇಂಗಾಲದ ನಾರನ್ನು ಇಂಗಾಲದಲ್ಲೇ ಬೆಸೆದ ಈ ವಸ್ತು ಉಕ್ಕು ಕರಗುವ ಕಾವಿಗೂ ಜಗ್ಗದು. ಆದರೆ ಆ ಕಾವಿನಲ್ಲಿ ಗಾಳಿ ಸೋಕಿತೋ, ಉರಿದುಹೋಗುತ್ತದೆ. ಎಷ್ಟಾದರೂ ಇದ್ದಿಲಿನ ವಂಶ. ಅದಕ್ಕೇ ಮೈತುಂಬ ಸಿಲಿಕಾನ್ ಕಾರ್ಬೈಡ್ ಕೋಟಿಂಗ್ ಕೊಡುವುದು. ಆ ಸೆಕ್ಷನ್ನಿನ ಹಿರಿಯ, ಪಾವಗಡದ ಓಬಳೇಶ.

ಆಯುಧಪೂಜೆ ಮುಗಿದ ವಾರ, ಹೊಸ ಗಿರಾಕಿಗೆ ತೋರಿಸಬೇಕಾದ ಟ್ರೇಯನ್ನು ಗಾಳಿಯಾಡುವ ಕುಲುಮೆಯಲ್ಲಿಟ್ಟು ಪರೀಕ್ಷಿಸಿದೆವು. ಹೊರಬಂದಾಗ ನಟ್ಟನಡುವೆ ಮೂರು ಅಡ್ಡಗೆರೆ, ಇಲಿ ಕೆರೆದಂತೆ ಹಳ್ಳ ಬಿದ್ದಿತ್ತು. ಉಳಿದೆಡೆ ಒಂದು ಗೀರೂ ಇಲ್ಲ.

ಯಜಮಾನರಾದ ಸಿದ್ರಾಮಪ್ಪನವರು ಸಿಡಿದರು. "ಲೇ ಓಬ್ಳೇಶ, ಕೋಟಿಂಗ್ ಮಾಡ್ದೇನ್ಲಾ, ಸುಣ್ಣ ಬಳ್ದಾ? ಇನ್ಮ್ಯಾಕೆ ಹೊರ್ಗಡೆ ಮಾಡಿಸ್ತೀನಿ, ನಿನ್ ಸೆಕ್ಷನ್ನೇ ಮುಚ್ಬುಡ್ತೀನಿ!"

"ಅಯ್ಯೋ ದೇವುಡಾ! ಮೂರು ಗೆರೆ ಬುಟ್ಟು ಮಿಕ್ಕಿದ್ದಕ್ಕೆಲ್ಲಾ ಕೋಟಿಂಗ್ ಮಾಡಕ್ಕೆ ನಂಗೇನು ಹುಚ್ಚಾ ಸಾಮಿ? ಸೆಕ್ಷನ್ ಮುಚ್ಚಿದ್ರೆ ನಾವು ಐದು ಜನ ಎಲ್ಲಿಗೋಗಾನ?"

ಯಜಮಾನರು ಅಪರಾಧವನ್ನು ಹತ್ತಿರದಿಂದ ನೋಡಲು ಬಗ್ಗಿದರು. ಟ್ರೇಯ ಮೇಲೆ ಮೂರು ಗೆರೆ. ಅವರ ಹಣೆಯ ಮೇಲೆ ಮೂರು ಗೆರೆ.

"ಹಬ್ಬದ ದಿನ ಇದಕ್ಕೆ ವಿಭೂತಿ ಹಚ್ಚಿದ್ದು ಯಾರು?" ಎಂದು ಕೇಳಿದೆ.

"ಇನ್ಯಾರು, ನಾನೇ! ನೀರಲ್ಲಿ ಕಲ್ಸಿ ಒಂದ್ಕೈ ಜಾಸ್ತೀನೇ ಹಚ್ಚಿವ್ನಿ. ಹೊಸ ಗಿರಾಕಿ ನೋಡಿ," ಎಂದರು ಯಜಮಾನರು.

ಕೋಟಿಂಗ್ ಮತ್ತು ಅದರಡಿಯ ಇಂಗಾಲ ಆರುವಾಗ ಒಂದೇ ಸಮ ಕುಗ್ಗುವುದಿಲ್ಲ. ಹಾಗಾಗಿ ಕೂದಲೆಳೆಯಂಥ ಬಿರುಕುಗಳು ಇದ್ದೇ ಇರುತ್ತವೆ. ಕಾವೇರಿದಾಗ ಅವು ಬಹುಪಾಲು ಮುಚ್ಚಿಕೊಳ್ಳುತ್ತವೆ. ಆದರೆ ವಿಭೂತಿಯೆಂದರೆ ಸಗಣಿಯ ಬೂದಿ. ಅದರ ಕ್ಷಾರ ನೀರಿನೊಂದಿಗೆ ಬಿರುಕಿಗಿಳಿದರೆ ಕೋಟಿಂಗನ್ನೂ ಕೆಡಿಸಿ, ಇಂಗಾಲ ಬೇಗ ಉರಿಯುವಂತೆಯೂ ಮಾಡುತ್ತದೆ. ಇಷ್ಟನ್ನು ಹೇಳಿದರೆ ಯಜಮಾನರು ನನ್ನನ್ನು ನಾಸ್ತಿಕನಂತೆ ನೋಡಿದರು. ಹಾಗಾಗಿ ವಿಭೂತಿ ಸೋಕದ ಇನ್ನೊಂದು ಟ್ರೇಯಿಂದ ಎರಡು ತುಂಡು ಕೊಯ್ದು, ಕೊಯ್ದ ಅಂಚಿಗೆ ಓಬಳೇಶನಿಂದಲೇ ಕೋಟಿಂಗ್ ಮಾಡಿಸಿ, ಒಂದಕ್ಕೆ ಯಜಮಾನರ ಕೈಯಲ್ಲೇ ವಿಭೂತಿ ಹಚ್ಚಿಸಿ, ಎರಡನ್ನೂ ಕುಲುಮೆಗಿಟ್ಟೆ. ಬೋಳು ತುಂಡು ಹಾಗೇ ಬಂತು. ಭಕ್ತ ತುಂಡಿನಲ್ಲಿ ಮೂರು ಹಳ್ಳ.

ಯಜಮಾನರು ಎರಡೂ ತುಂಡನ್ನು ತಿರುವಿ ತಿರುವಿ ನೋಡಿ, "ಅಂಗಾರೆ ಶಿವನೇ ಸುಟ್ಟವ್ನೆ ಅನ್ನಿ," ಎಂದರು.

"ಶಿವ ಅಲ್ಲ ಸಾಮಿ," ಎಂದ ಓಬಳೇಶ, "ನಿಮ್ ಮೂರು ಬೆಳ್ಳು."

ಯಜಮಾನರೇ ಮೊದಲು ನಕ್ಕರು. ಸೆಕ್ಷನ್ ಉಳಿಯಿತು. ವಿಭೂತಿಯನ್ನು ಕಾರ್ಖಾನೆಯ ಬಾಗಿಲಿಗೆ ವರ್ಗಾಯಿಸಲಾಯಿತು.

ನನ್ನ ಹುದ್ದೆ ಕಲಿಸಿದ್ದಿಷ್ಟು: ವಸ್ತು ಕೆಟ್ಟಾಗ ಅದನ್ನು ಮಾಡಿದವನನ್ನು ಹಿಡಿಯುವ ಮುನ್ನ, ಆಮೇಲೆ ಅದನ್ನು ಮುಟ್ಟಿದವರನ್ನೆಲ್ಲ ವಿಚಾರಿಸಬೇಕು. ಪ್ರೀತಿಯಿಂದ ಮುಟ್ಟಿದವರನ್ನು ಮೊದಲು.