ಎಸಿ ಮೇಲೆ ಅಣ್ಣನ ಫ್ಲೆಕ್ಸ್

ಓಡುತ್ತಿರುವ ಎಸಿಯ ಮೇಲೆ ಫ್ಲೆಕ್ಸ್ ಬಿಗಿದದ್ದು ತಪ್ಪು. ಬಿಗಿದವನ ಮುಖಕ್ಕೇ ಇದನ್ನು ಹೇಳಿದ್ದೇನೆ.

ಶಿರಾದಲ್ಲಿ ಎಸಿ ರಿಪೇರಿ ನನ್ನ ಕೆಲಸ. ದೊಡ್ಡೇರಿ ಹತ್ತಿರ ಬಿಸಿಲಲ್ಲಿ ನಿಂತಿದ್ದ ಕ್ಯಾರವಾನಿಗೆ ಕರೆದರು. ಮಂಚ, ಒಲೆ ಎಲ್ಲ ಇರುವ ಪ್ರವಾಸದ ಗಾಡಿ ಅದು. ಅದನ್ನು ಬಾಡಿಗೆಗೆ ಹಿಡಿದಿದ್ದ ಕುಟುಂಬದ, ಬಿ.ಪಿ. ಇರುವ ಅಜ್ಜಿ ಒಳಗೆ ಬೆವರಿ ತೊಯ್ದು ಮಲಗಿದ್ದರು.

“ಎಸಿ ಗ್ಯಾಸ್ ಖಾಲಿಯಾಗೈತೆ, ತುಂಬು,” ಎಂದ ಗಾಡಿ ಮಾಲೀಕ.

ಏಣಿ ಹಾಕಿ ಹತ್ತಿದೆ. ಚಾವಣಿಯ ಎಸಿ ಪೆಟ್ಟಿಗೆಗೆ ಅವನು ತನ್ನ ನಾಯಕನ ಹುಟ್ಟುಹಬ್ಬದ ಫ್ಲೆಕ್ಸ್ ಸುತ್ತಿ ಹಗ್ಗ ಬಿಗಿದಿದ್ದ. ಬಿಸಿಗಾಳಿ ಹೊರಹೋಗಲು ಜಾಗವೇ ಇರಲಿಲ್ಲ. ಹಗ್ಗ ಕೊಯ್ಯಲು ಬ್ಲೇಡ್ ತೆಗೆದೆ.

“ಲೇ, ಅಣ್ಣನ ಮೇಲೆ ಬ್ಲೇಡ್ ಆಡಿಸ್ತೀಯೇನ್ಲಾ? ಇರು, ಕೇಳ್ತೀನಿ!” ಫೋನ್ ಮಾಡಿದ. “ಅಣ್ಣ ಊಟಕ್ಕೆ ಕುಂತವ್ರಂತೆ. ಕಾಯಿ.”

“ಒಳಗೆ ಅಜ್ಜಿ ಬೇಯ್ತಾವ್ರೆ ಕಣಯ್ಯ!”

ಅಜ್ಜಿಯೇ ಬಾಗಿಲಿಗೆ ಬಂದರು. “ನಿಮ್ಮಣ್ಣನ್ನ ಕೆಳಕ್ಕಿಳಿಸ್ಲಾ, ಬೀಸ್ಕಂತೀನಿ.”

ಹಗ್ಗ ಕೊಯ್ದೆ. ಸ್ವಲ್ಪ ಹೊತ್ತಿಗೆ ಅಜ್ಜಿ ಹೊದಿಕೆ ಕೇಳಿದರು. ಅಣ್ಣನ ಊಟ ಇನ್ನೂ ಮುಗಿದಿರಲಿಲ್ಲ.

ನಿಮ್ಮ ಗಾಡಿಗೂ ಇವತ್ತೇ ಏಣಿ ಹಾಕಿ. ಎಸಿಯ ಮೇಲೆ ಯಾರ ಮುಖ ಇದ್ದರೂ ಹಗ್ಗ ಕೊಯ್ಯಿರಿ. ಫೋನ್ ಮಾಡಿ ಕೇಳಬೇಡಿ.